ಕಾಗಿಣಾ ಹುಟ್ಟುವ ಬೆಟ್ಟದ ಆ ಮಗ್ಗುಲು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ರೈಲು ಹಳಿ ಬಿದ್ದದ್ದು 1874ರಲ್ಲಿ. ನಮ್ಮ ಮನೆಯ ಹಿರಿಯರು ಕೊನೆಯವರೆಗೂ ಅದನ್ನು ‘ನಿಜಾಮನ ಗಾಡಿ’ ಎಂದೇ ಕರೆದರು. ವಾಡಿ ಬಿಟ್ಟರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಆಮೇಲೆ ಗಡಿ ದಾಟಿ ತಾಂಡೂರು, ವಿಕಾರಾಬಾದ್. ಸೇಡಂ ತನಕ ಕಿಟಕಿಯಲ್ಲಿ ಕಾಣುವುದು ಫರಸಿ ಕಲ್ಲಿನ ಖಣಿ, ತೊಗರಿ ಹೊಲ, ಸಿಮೆಂಟಿನ ಚಿಮಣಿ. ತಾಂಡೂರು ದಾಟಿದ ಮೇಲೆ ಕಪ್ಪು ನೆಲ ಹಿಂದೆ ಬಿದ್ದು ಕೆಂಪು ಮಣ್ಣು ಬರುತ್ತದೆ, ಗಾಡಿ ಏರು ಹತ್ತುತ್ತದೆ, ಗಿಡ ಮರ ಕಾಣತೊಡಗುತ್ತವೆ.

ಆ ಏರಿನ ಕೊನೆಗಿರುವುದೇ ಅನಂತಗಿರಿ ಬೆಟ್ಟ. ಅಲ್ಲಿ ಕ್ಷಯರೋಗದ ಹಳೆಯ ಆಸ್ಪತ್ರೆಯೊಂದಿದೆ. ನನ್ನ ಅಜ್ಜನ ತಮ್ಮನನ್ನು ಅಲ್ಲಿಗೆ ಸೇರಿಸಿದ್ದರಂತೆ. ನಾನು ನೋಡಿದ್ದಲ್ಲ, ಕೇಳಿದ್ದು. ಔಷಧಕ್ಕಿಂತ ಅಲ್ಲಿನ ಹವಾ ಅವರನ್ನು ಉಳಿಸಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಸೇಡಂ, ಶಹಾಬಾದದ ಬಿಸಿಲಲ್ಲಿ ಕಾದ ಫರಸಿಯ ಮೇಲೆ ಕಾಲಿಟ್ಟವರಿಗೆ ‘ಹವಾ’ ಎನ್ನುವ ಮಾತಿನ ಬೆಲೆ ಬೇರೆ ಹೇಳಬೇಕಿಲ್ಲ. ನಮ್ಮ ಕಡೆಯವರಿಗೆ ವಿಕಾರಾಬಾದ್ ಎಂದರೆ ತಂಪು ಗಾಳಿಯ ಊರು, ಅಷ್ಟೇ. ಅದು ನಮ್ಮ ಕಾಗಿಣಾ ಹೊಳೆಯ ತವರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮಳಖೇಡದ ಕೋಟೆಯ ಬಗ್ಗೆ, ಮಾನ್ಯಖೇಟದ ರಾಷ್ಟ್ರಕೂಟರ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಕೋಟೆಯ ಪಕ್ಕದಲ್ಲಿ ಹರಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಯಾವ ಮಾಸ್ತರರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

2024ರ ಅಕ್ಟೋಬರ್ 15ರಂದು ವಿಕಾರಾಬಾದ್ ಜಿಲ್ಲೆಯ ಪೂಡೂರು ಮಂಡಲದ ದಾಮಗುಂಡಂ ಕಾಡಿನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಒಂದು ಶಿಲಾನ್ಯಾಸ ಮಾಡಿದರು. ಪಕ್ಕದಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿ ಇದ್ದರು. ನೌಕಾಪಡೆಯ ಹೊಸ ಸಂಪರ್ಕ ಕೇಂದ್ರ. ಅಂದಾಜು ವೆಚ್ಚ 3,200 ಕೋಟಿ ರೂಪಾಯಿ. ಅದಕ್ಕೆ ಕೊಟ್ಟದ್ದು 2,900 ಎಕರೆ ಮೀಸಲು ಅರಣ್ಯ. ಹೈದರಾಬಾದಿನಲ್ಲೂ ಪೂಡೂರಿನ ಹಳ್ಳಿಗಳಲ್ಲೂ ‘ಸೇವ್ ದಾಮಗುಂಡಂ’ ಎಂಬ ಫಲಕ ಹಿಡಿದು ಜನ ನಿಂತಿದ್ದರು. ಸುದ್ದಿ ಓದಿ ನಕಾಶೆ ತೆಗೆದು ನೋಡಿದೆ. ಚಿಂಚೋಳಿಯಿಂದ ಆ ಕಾಡಿಗೆ ಗಡಿ ದಾಟಿ ಒಂದು ಬೆಳಗಿನ ಪ್ರಯಾಣ. ಇಷ್ಟು ಹತ್ತಿರ ಹದಿನಾಲ್ಕು ವರ್ಷ ಕಡತ ಓಡಾಡಿದೆ. ನನಗೆ ಗೊತ್ತಾದದ್ದು ಕಲ್ಲು ನೆಟ್ಟ ದಿನ.

ತೆಲುಗು ಪತ್ರಿಕೆಗಳೂ ಇಂಗ್ಲಿಷ್ ಪತ್ರಿಕೆಗಳೂ ಅದನ್ನು ‘ರಾಡಾರ್ ಕೇಂದ್ರ’ ಎಂದು ಬರೆದವು, ಜನರ ಬಾಯಲ್ಲೂ ಅದೇ ನಿಂತಿತು. ಅದು ರಾಡಾರ್ ಅಲ್ಲ. ರಾಡಾರ್ ದೂರದ ವಿಮಾನ ಹಡಗುಗಳನ್ನು ಹುಡುಕುವ ಯಂತ್ರ. ದಾಮಗುಂಡಂನಲ್ಲಿ ಬರುತ್ತಿರುವುದು ಅತಿ ಕಡಿಮೆ ಆವರ್ತನದ, ಅಂದರೆ ವಿಎಲ್ಎಫ್ ರೇಡಿಯೊ ಕೇಂದ್ರ. ಸಮುದ್ರದ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅದೇ ಕಾರಣಕ್ಕೆ ಸಾಮಾನ್ಯ ರೇಡಿಯೊ ಅಲೆಗಳು ಅದರೊಳಗೆ ಇಳಿಯುತ್ತಲೇ ಸಾಯುತ್ತವೆ. ಆವರ್ತನ ಕಡಿಮೆಯಾದಷ್ಟೂ ಅಲೆ ಆಳಕ್ಕೆ ಇಳಿಯುತ್ತದೆ. 3ರಿಂದ 30 ಕಿಲೋಹರ್ಟ್ಸ್ ನಡುವಿನ ವಿಎಲ್ಎಫ್ ಅಲೆಗಳು ಕೆಲವು ಹತ್ತು ಮೀಟರುಗಳಷ್ಟು ಆಳದ ಜಲಾಂತರ್ಗಾಮಿಗೆ ಮಾತು ಮುಟ್ಟಿಸಬಲ್ಲವು. ತೊಂದರೆ ಏನೆಂದರೆ ಈ ಅಲೆಗಳ ಉದ್ದ ಕಿಲೋಮೀಟರುಗಟ್ಟಲೆ. ಅಷ್ಟು ಉದ್ದದ ಅಲೆ ಹೊರಡಿಸಲು ಎತ್ತರದ ಗೋಪುರಗಳು ಬೇಕು, ಅವುಗಳ ನಡುವೆ ತಂತಿಯ ಚಪ್ಪರ ಬೇಕು, ಕೆಳಗೆ ನೆಲದಲ್ಲಿ ಹೂತ ಲೋಹದ ಜಾಲ ಬೇಕು. ಸಾವಿರಾರು ಎಕರೆ ಕೇಳುವುದು ಅದಕ್ಕೇ. ನಮ್ಮ ದೇಶದಲ್ಲಿ ಇಂಥ ಒಂದು ಕೇಂದ್ರ ಆಗಲೇ ಇದೆ: ತಮಿಳುನಾಡಿನ ತಿರುನೆಲ್ವೇಲಿ ಬಳಿಯ ಐಎನ್ಎಸ್ ಕಟ್ಟಬೊಮ್ಮನ್. 1990ರಿಂದ ನಡೆಯುತ್ತಿದೆ. ಅಣುಶಕ್ತಿಯ ಜಲಾಂತರ್ಗಾಮಿ ಅರಿಘಾತ್ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ್ದು 2024ರ ಆಗಸ್ಟ್ 29ರಂದು, ದಾಮಗುಂಡಂನ ಶಿಲಾನ್ಯಾಸಕ್ಕೆ ಏಳು ವಾರ ಮೊದಲು. ಜಲಾಂತರ್ಗಾಮಿಗಳ ಸಂಖ್ಯೆ ಹೆಚ್ಚುತ್ತಿರುವಾಗ ಒಂದೇ ಕೇಂದ್ರವನ್ನು ನಂಬಿ ಕೂರಲಾಗದು ಎನ್ನುವ ನೌಕಾಪಡೆಯ ವಾದ ನನಗೆ ಅರ್ಥವಾಗುತ್ತದೆ. ಅದನ್ನು ತಳ್ಳಿಹಾಕಲು ನಾನು ಇದನ್ನು ಬರೆಯುತ್ತಿಲ್ಲ.

ಕಡತದ ಕಥೆ ಹೀಗಿದೆ. ನೌಕಾಪಡೆ ಈ ಜಾಗವನ್ನು ಗುರುತಿಸಿದ್ದು 2010ರ ಸುಮಾರಿಗೆ, ಆಂಧ್ರ ಇನ್ನೂ ಒಡೆದಿರಲಿಲ್ಲ. ರಾಜ್ಯ ಒಡೆಯಿತು, 2017ರಲ್ಲಿ ಹೊಸ ತೆಲಂಗಾಣದ ಟಿಆರ್‌ಎಸ್ ಸರ್ಕಾರ ಜಮೀನಿಗೆ ಸಂಬಂಧಿಸಿದ ಆದೇಶ ಹೊರಡಿಸಿತು. ಕಾಡನ್ನು ಉಳಿಸಲು ಕಟ್ಟಿದ ಸಮಿತಿ 2020ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. 2023ರ ಕೊನೆಗೆ ಸರ್ಕಾರ ಬದಲಾಯಿತು. 2024ರ ಜನವರಿಯಲ್ಲಿ ಕಾಂಗ್ರೆಸ್ ಸರ್ಕಾರ ಜಮೀನು ಹಸ್ತಾಂತರಿಸಿತು. ಬದಲಿ ಅರಣ್ಯೀಕರಣದ ನಿಧಿಗೆ ನೌಕಾಪಡೆ 133.54 ಕೋಟಿ, ಮಣ್ಣು ಸಂರಕ್ಷಣೆಗೆ 18.56 ಕೋಟಿ ಕಟ್ಟಿತು. ಶಿಲಾನ್ಯಾಸದ ಹೊತ್ತಿಗೆ ಅಧಿಕಾರ ಕಳೆದುಕೊಂಡಿದ್ದವರು ಯೋಜನೆಯನ್ನು ವಿರೋಧಿಸುತ್ತಿದ್ದರು, ಅಧಿಕಾರದಲ್ಲಿದ್ದವರು ‘ಆದೇಶ ನಿಮ್ಮದೇ’ ಎಂದು ತೋರಿಸುತ್ತಿದ್ದರು. ಇಬ್ಬರೂ ಹೇಳಿದ್ದು ನಿಜವೇ. ಆದರೆ ಪೂಡೂರಿನ ದನ ಕಾಯುವವನಿಗೆ ಅದರಿಂದ ಆದ ಲಾಭ ಏನೂ ಇಲ್ಲ.

ಆ ದನ ಕಾಯುವವರು, ಸೀತಾಫಲ ಆಯುವವರು, ಮೇವು ಸೌದೆ ತರುವವರು ಕೇಳಿದ ಪ್ರಶ್ನೆಗಳು ಸರಳ. ಬೇಲಿ ಬಿದ್ದ ಮೇಲೆ ನಾವು ಎಲ್ಲಿಗೆ ಹೋಗಬೇಕು? ಕಾಡಿನೊಳಗಿನ ರಾಮಲಿಂಗೇಶ್ವರನ ಜಾತ್ರೆಗೆ ಬಿಡುತ್ತೀರಾ? ಎರಡನೆಯ ಪ್ರಶ್ನೆಗೆ ವೇದಿಕೆಯಿಂದಲೇ ಭರವಸೆ ಬಂತು: ಗುಡಿಗೆ ಹೋಗಲು ಅಡ್ಡಿ ಇಲ್ಲ. ಮೊದಲನೆಯದಕ್ಕೆ ಅಷ್ಟು ನೇರವಾದ ಉತ್ತರ ನನ್ನ ಕಣ್ಣಿಗೆ ಬಿದ್ದಿಲ್ಲ. ದೇವರ ದಾರಿಯ ಬಗ್ಗೆ ಸರ್ಕಾರಗಳು ಬೇಗ ಮಾತು ಕೊಡುತ್ತವೆ, ದನದ ದಾರಿಯ ಬಗ್ಗೆ ಕೊಡುವುದಿಲ್ಲ. ಮರಗಳ ಲೆಕ್ಕದಲ್ಲೂ ಜಗಳವಿತ್ತು. ಹೋರಾಟಗಾರರು ಹೇಳಿದ್ದು 12 ಲಕ್ಷ. ಅಧಿಕೃತ ಅಂದಾಜು ಅದರ ಒಂದು ಸಣ್ಣ ಪಾಲು. ಎಲ್ಲವನ್ನೂ ಕಡಿಯುವುದಿಲ್ಲ ಎಂದೂ ಸರ್ಕಾರದ ಕಡೆಯವರು ಹೇಳಿದರು. ಯಾವುದು ಮರ, ಯಾವುದು ಪೊದೆ ಎಂದು ಮೊದಲು ಒಪ್ಪಿಕೊಳ್ಳದೆ ಎಣಿಸಲು ಹೊರಟರೆ ಲೆಕ್ಕ ಕೂಡುವುದೇ ಇಲ್ಲ.

ಹೈದರಾಬಾದಿನವರು ಈ ಕಾಡಿಗಾಗಿ ಬೀದಿಗಿಳಿದದ್ದಕ್ಕೆ ಕಾರಣ ಮೂಸಿ ನದಿ. ಅದೂ ಅನಂತಗಿರಿಯ ಮಗಳೇ. 1908ರ ಸೆಪ್ಟೆಂಬರ್ 28ರ ಮೂಸಿಯ ಪ್ರವಾಹ ಹೈದರಾಬಾದಿನ ನೆನಪಿನಲ್ಲಿ ಇಂದಿಗೂ ಆರದ ಗಾಯ. ಅದಾದ ಮೇಲೆ ನಿಜಾಮ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಮೂಸಿಗೆ ಉಸ್ಮಾನ್ ಸಾಗರ, ಈಸಿಗೆ ಹಿಮಾಯತ್ ಸಾಗರ ಕಟ್ಟಿದರು. ನಗರ ದಶಕಗಳ ಕಾಲ ಅವುಗಳ ನೀರು ಕುಡಿಯಿತು. ಹೊಳೆಯನ್ನು ನಗರದಲ್ಲಿ ನಿಂತು ನೋಡಿದರೆ ಸಾಲದು, ಮೇಲಿನ ಜಲಾನಯನವನ್ನು ನೋಡಬೇಕು ಎಂಬುದು ಆ ಕೆಲಸದ ಒಳಗಿನ ಬುದ್ಧಿ. ದಾಮಗುಂಡಂ ಇರುವುದು ಮೂಸಿಯ ಕಡೆಗೆ. ಕಾಗಿಣಾ ಅದೇ ಬೆಟ್ಟಸಾಲಿನಿಂದ ಪಡುವಣಕ್ಕೆ ಇಳಿದು ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರದ ಸೀಮೆ ಹಾದು ಶಹಾಬಾದ ತಾಲ್ಲೂಕಿನ ಹೊನಗುಂಟದ ಹತ್ತಿರ ಭೀಮೆಯನ್ನು ಕೂಡುತ್ತದೆ. ಆದ್ದರಿಂದ ದಾಮಗುಂಡಂನ ಮರ ಕಡಿದರೆ ನಾಳೆ ಸೇಡಂನ ನಲ್ಲಿ ಒಣಗುತ್ತದೆ ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಸುಳ್ಳಾಗುತ್ತದೆ. ಒಂದೇ ಬೆಟ್ಟದ ನೀರು ಎರಡು ದಾರಿ ಹಿಡಿದು ಕೊನೆಗೆ ಕೃಷ್ಣೆಯಲ್ಲಿ ಭೇಟಿಯಾಗುತ್ತದೆ, ನಾವು ಅದರ ಒಂದು ದಾರಿಯವರು. ಇಷ್ಟು ಮಾತ್ರ ಹೇಳಬಲ್ಲೆ.

ಜಲಾಂತರ್ಗಾಮಿಯ ಜತೆ ಮಾತಾಡಲು ಕಾಡು ಕೇಳಿದ್ದು ಇದೇ ಮೊದಲೇನಲ್ಲ. ಇತಿಹಾಸ ಓದುವವನಾಗಿ ನನಗೆ ನೆನಪಾದದ್ದು ಅಮೆರಿಕದ ವಿಸ್ಕಾನ್ಸಿನ್. 1968ರಲ್ಲಿ ಅಲ್ಲಿನ ನೌಕಾಪಡೆ ‘ಪ್ರಾಜೆಕ್ಟ್ ಸ್ಯಾಂಗ್ವಿನ್’ ಎಂಬ ಯೋಜನೆಯನ್ನು ಹೊರಗೆ ಹಾಕಿತು. ಅದು ವಿಎಲ್ಎಫ್‌ಗಿಂತಲೂ ಕೆಳಗಿನ ಇಎಲ್ಎಫ್ ಆವರ್ತನದ್ದು. ನೂರಾರು ಮೀಟರ್ ಆಳಕ್ಕೆ ಮುಟ್ಟುವಂಥದ್ದು. ಅದರ ಅಲೆಯ ಉದ್ದ ಸುಮಾರು 4,000 ಕಿಲೋಮೀಟರ್. ಅಂಥ ಅಲೆಗೆ ಯಾವ ಗೋಪುರವೂ ಸಾಲದು. ಆದ್ದರಿಂದ ಎಂಜಿನಿಯರುಗಳು ನೆಲದ ಕೆಳಗಿನ ಬಂಡೆಯನ್ನೇ ಆಂಟೆನಾದ ಭಾಗ ಮಾಡಿಕೊಳ್ಳಲು ಹೊರಟರು. ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡದ ಪುರಾತನ ಬಂಡೆ ಬೇಕಿತ್ತು, ಉತ್ತರ ವಿಸ್ಕಾನ್ಸಿನ್ನಿನ ಕಾಡಿನಡಿಯಲ್ಲಿ ಅದು ಸಿಕ್ಕಿತು. ರಾಜ್ಯದ ಐದರಲ್ಲಿ ಎರಡು ಪಾಲು ನೆಲದಡಿ 6,000 ಮೈಲಿ ಕೇಬಲ್ ಹೂಳುವುದು, ನೂರು ಪ್ರೇಷಕ ಕೇಂದ್ರ ಕಟ್ಟುವುದು ಮೂಲ ಯೋಚನೆ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ನೆಲದ ಬೆಲೆಯನ್ನು ಅದರಡಿಯ ಕಲ್ಲಿನಿಂದ ಅಳೆಯುವುದು ಎಂದರೇನು ಎಂದು ಶಹಾಬಾದ, ವಾಡಿ, ಸೇಡಂನವರಿಗೆ ಯಾರೂ ಕಲಿಸಬೇಕಿಲ್ಲ. ಮೇಲೆ ತೊಗರಿ ಬೆಳೆದಿರಲಿ, ಹುಣಸೆ ಇರಲಿ, ಅಜ್ಜನ ಸಮಾಧಿ ಇರಲಿ, ಕೆಳಗೆ ಸುಣ್ಣದ ಕಲ್ಲಿದ್ದರೆ ಹೊಲಕ್ಕೆ ಬೇರೆ ಹೆಸರು ಬರುತ್ತದೆ.

ಕ್ಲಾಮ್ ಲೇಕ್ ಎಂಬ ಪುಟ್ಟ ಊರಿನ ಬಳಿ, ರಾಷ್ಟ್ರೀಯ ಅರಣ್ಯದೊಳಗೆ ಒಂದು ಪ್ರಯೋಗ ಕೇಂದ್ರ ಎದ್ದಿತು. ಅದನ್ನು ನೋಡಿದ ಹಾಲಿನ ರೈತರು, ಕಾಲೇಜು ಅಧ್ಯಾಪಕರು, ರಜೆಯ ಮನೆ ಇಟ್ಟುಕೊಂಡಿದ್ದವರು ಸೇರಿ ಸ್ಯಾಂಗ್ವಿನ್ ನಿಲ್ಲಿಸುವ ರಾಜ್ಯ ಸಮಿತಿ ಕಟ್ಟಿದರು. ಲೊವೆಲ್ ಕ್ಲೆಸಿಗ್ ಎಂಬ ಸಮಾಜಶಾಸ್ತ್ರಜ್ಞ, ಇತಿಹಾಸದ ಅಧ್ಯಾಪಕ ಕೆಂಟ್ ಶಿಫರ್ಡ್ ಅದರಲ್ಲಿ ಮುಂದಿದ್ದರು. ಅದೇ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್, ‘ಭೂಮಿ ದಿನ’ವನ್ನು ಹುಟ್ಟುಹಾಕಿದವರು, ವಾಷಿಂಗ್ಟನ್ನಿನಲ್ಲಿ ಪ್ರಶ್ನೆ ಎತ್ತಿದರು. ಇವರ ಕೈಗೆ ಒಂದು ಹೊಸ ಆಯುಧವೂ ಸಿಕ್ಕಿತು: 1970ರ ಜನವರಿ 1ರಂದು ಸಹಿ ಬಿದ್ದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಕೇಂದ್ರ ಸರ್ಕಾರದ ಯಾವ ದೊಡ್ಡ ಕೆಲಸವೇ ಆಗಲಿ, ಅದರ ಪರಿಸರ ಪರಿಣಾಮವನ್ನು ಮೊದಲು ಬರೆದು ಜನರ ಮುಂದಿಡಬೇಕು. ನೌಕಾಪಡೆಗೂ ಇದರಿಂದ ವಿನಾಯಿತಿ ಇರಲಿಲ್ಲ. ವರದಿ ಬಂದಾಗ ಜನ ಅದನ್ನು ಪುಟಪುಟವಾಗಿ ಓದಿದರು. ಬೇಲಿಯ ತಂತಿಗಳಲ್ಲಿ, ಟೆಲಿಫೋನ್ ತಂತಿಗಳಲ್ಲಿ ವಿದ್ಯುತ್ ಹುಟ್ಟಿದರೆ ಹೊಣೆ ಯಾರು ಎಂದು ಕೇಳಿದರು.

1973ರಲ್ಲಿ ವಿಸ್ಕಾನ್ಸಿನ್ನನ್ನು ಕೈಬಿಡಲಾಯಿತು. ನೌಕಾಪಡೆ ಟೆಕ್ಸಸ್ಸಿಗೆ ಹೋಯಿತು, ಅಲ್ಲೂ ಜನ ಬೇಡ ಎಂದರು. ಹೆಸರು ಬದಲಿಸಿ ‘ಸೀಫೇರರ್’ ಎಂದು ಮಿಷಿಗನ್ನಿನ ಉತ್ತರದ ಕಾಡಿಗೆ ಬಂದಾಗ 1976ರಲ್ಲಿ ಅಲ್ಲಿನ ಕೌಂಟಿಗಳು ಜನಮತಗಣನೆ ನಡೆಸಿ ಭಾರಿ ಬಹುಮತದಿಂದ ತಿರಸ್ಕರಿಸಿದವು. ಕೊನೆಗೂ ಯೋಜನೆ ಸಾಯಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಅದನ್ನು ಕುಗ್ಗಿಸಿ ಒಪ್ಪಿಗೆ ಕೊಟ್ಟರು: ವಿಸ್ಕಾನ್ಸಿನ್ನಿನಲ್ಲಿ 28 ಮೈಲಿ, ಮಿಷಿಗನ್ನಿನಲ್ಲಿ 56 ಮೈಲಿ ತಂತಿ. 1984ರ ಜನವರಿಯಲ್ಲಿ ಬಾರ್ಬರಾ ಕ್ರ್ಯಾಬ್ ಎಂಬ ನ್ಯಾಯಾಧೀಶೆ ಆರೋಗ್ಯದ ಬಗ್ಗೆ ಹೊಸ ಅಧ್ಯಯನಗಳನ್ನು ವರದಿಯಲ್ಲಿ ಸೇರಿಸಿಲ್ಲ ಎಂದು ಕೆಲಸ ನಿಲ್ಲಿಸಿದರು; ಅದೇ ವರ್ಷ ಮೇಲಿನ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. 1989ರಿಂದ ಎರಡೂ ಕೇಂದ್ರಗಳು ಪೂರ್ತಿ ಕೆಲಸ ಮಾಡಿದವು. ಬೇಲಿ ಹಾರಿ ಬಂಧನಕ್ಕೊಳಗಾಗುವವರು ವರ್ಷವರ್ಷ ಬರುತ್ತಲೇ ಇದ್ದರು, ಅವರಲ್ಲಿ ಒಜಿಬ್ವೆ ಮೂಲನಿವಾಸಿಗಳೂ ಇದ್ದರು. 2004ರ ಸೆಪ್ಟೆಂಬರಿನಲ್ಲಿ ನೌಕಾಪಡೆ ತಾನೇ ಅದನ್ನು ಮುಚ್ಚಿತು. ವಿಎಲ್ಎಫ್ ಸುಧಾರಿಸಿದೆ, ಇದು ಇನ್ನು ಬೇಕಿಲ್ಲ ಎಂದಿತು.

ಇದನ್ನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ ನಾನು ಹಲವು ಸಲ ಯೋಚಿಸಿದ್ದೇನೆ. 6,000 ಮೈಲಿ ಇದ್ದದ್ದು 84 ಮೈಲಿಗೆ ಬಂತು. ನೂರು ಕೇಂದ್ರ ಎರಡಾದವು. ಅಷ್ಟು ಇಳಿದದ್ದು ದೆಹಲಿಯಂಥ ದೂರದ ರಾಜಧಾನಿಯ ಔದಾರ್ಯದಿಂದ ಅಲ್ಲ, ಇಪ್ಪತ್ತು ವರ್ಷ ಕಡತ ಓದಿದವರಿಂದ. ಇಲ್ಲಿ ನನ್ನದೊಂದು ತಕರಾರೂ ಇದೆ. ಅಲ್ಲಿಯೂ ದಾಮಗುಂಡಂನಲ್ಲಿಯೂ ಜನರನ್ನು ಹೆಚ್ಚು ಹೆದರಿಸಿದ್ದು ವಿಕಿರಣದ ಮಾತು. ಇಎಲ್ಎಫ್ ಕೇಂದ್ರಗಳ ಸುತ್ತ ಮರ, ಹುಳ, ಹಕ್ಕಿ, ಮಣ್ಣಿನ ಜೀವಿಗಳನ್ನು ಹಲವು ವರ್ಷ ಅಧ್ಯಯನ ಮಾಡಿದರು. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ದೊಡ್ಡ ಹಾನಿ ಕಾಣಲಿಲ್ಲ. ಹೋರಾಟದಲ್ಲಿ ಇರುವವರಿಗೆ ಇದು ಹಿತವಾದ ಸಂಗತಿ ಅಲ್ಲ, ಆದರೂ ಹೇಳಬೇಕು. ‘ಕ್ಯಾನ್ಸರ್ ಬರುತ್ತದೆ’ ಎಂಬ ಒಂದು ಮಾತನ್ನು ಹಿಡಿದು ನಿಂತರೆ, ತಿರುನೆಲ್ವೇಲಿಯನ್ನು ನೋಡಿ, ಮೂವತ್ತು ವರ್ಷದಿಂದ ಏನಾಗಿದೆ ಎಂದು ಕೇಳಿ ಇಡೀ ವಾದವನ್ನು ಒಂದೇ ಏಟಿಗೆ ಬೀಳಿಸಬಹುದು. ಶಿಲಾನ್ಯಾಸದ ದಿನ ಹೆಚ್ಚುಕಡಿಮೆ ಆದದ್ದೂ ಅದೇ. ಕಾಡು ಹೋಗುತ್ತದೆ, ದಾರಿ ಮುಚ್ಚುತ್ತದೆ, ಹಳ್ಳದ ನೀರು ಇಂಗುವ ಜಾಗಕ್ಕೆ ಬಡಾವಣೆ ಬರುತ್ತದೆ ಎಂಬ ಗಟ್ಟಿ ಮಾತುಗಳು ಆ ಗದ್ದಲದಲ್ಲಿ ಹಿಂದೆ ಸರಿದವು.

ಆದರೆ ಪೂಡೂರಿನವರನ್ನು ವಿಸ್ಕಾನ್ಸಿನ್ನಿನವರ ಜತೆ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಅವರಿಗೆ ಓದಲು ಕಡತ ಕೊಟ್ಟವರಾರು? ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ರಾಷ್ಟ್ರರಕ್ಷಣೆಗೆ ಸಂಬಂಧಿಸಿದ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದಲೇ ವಿನಾಯಿತಿ ಇದೆ. ಸಿಮೆಂಟ್ ಕಾರ್ಖಾನೆ ವಿಸ್ತರಿಸುವಾಗ ನಮ್ಮ ಊರುಗಳಲ್ಲಿ ಶಾಮಿಯಾನ ಹಾಕಿ, ಪೊಲೀಸರನ್ನು ನಿಲ್ಲಿಸಿ ನಡೆಸುವ ಆ ಅರ್ಧ ನಾಟಕದ ಅಹವಾಲು ಸಭೆಯನ್ನು ನಾನೂ ಕಂಡಿದ್ದೇನೆ. ಮಾತಾಡುವವರ ಪಟ್ಟಿ ಮೊದಲೇ ಸಿದ್ಧ, ಊಟದ ಪೊಟ್ಟಣವೂ ಸಿದ್ಧ. ಆದರೂ ಅಲ್ಲಿ ಒಬ್ಬ ಮುದುಕಿ ಎದ್ದು ‘ನಮ್ಮ ಬಾವಿ ಯಾಕ ಬತ್ತಿತ್ರಿ?’ ಎಂದು ಕೇಳಿದರೆ ಅದನ್ನು ಬರೆದುಕೊಳ್ಳಲೇಬೇಕು. ದಾಮಗುಂಡಂಗೆ ಕಾನೂನು ಅಂಥ ಶಾಮಿಯಾನವನ್ನೂ ಕಡ್ಡಾಯ ಮಾಡಿರಲಿಲ್ಲ. ಜಲಾಂತರ್ಗಾಮಿಗೆ ಕಳಿಸುವ ಸಂದೇಶ ಗುಟ್ಟಾಗಿರಬೇಕು, ಸರಿ. ಕಡಿಯುವ ಮರದ ಸಂಖ್ಯೆ ಯಾಕೆ ಗುಟ್ಟಿನ ಪಕ್ಕದಲ್ಲಿ ಕೂತಿರಬೇಕು?

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನೆನಪು ಚಳ್ಳಕೆರೆಯ ಅಮೃತಮಹಲ್ ಕಾವಲು. ಅಲ್ಲಿ ಡಿಆರ್‌ಡಿಒಗೆ 4,290 ಎಕರೆ, ಬಿಎಆರ್‌ಸಿಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573 ಎಕರೆ ಕೊಟ್ಟ ಸಂಗತಿ ಕುರಿಗಾರರಿಗೆ ಸರಿಯಾಗಿ ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಅದನ್ನು ಕುರಿತು ಬೇರೆಯವರು ಚೆನ್ನಾಗಿ ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಮೌನ. 1956ರ ನವೆಂಬರ್ 1ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಲ್ಲಿ ‘ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕು ಬಿಟ್ಟು’ ಉಳಿದ ಗುಲಬರ್ಗಾ ಮೈಸೂರಿಗೆ ಬಂತು. ಇಂದು ಆ ಎರಡೂ ವಿಕಾರಾಬಾದ್ ಜಿಲ್ಲೆಯಲ್ಲಿವೆ. ಕೊಡಂಗಲ್ ರೇವಂತ್ ರೆಡ್ಡಿಯವರ ಕ್ಷೇತ್ರ. ಬೀಗತನ ಇನ್ನೂ ನಡೆಯುತ್ತದೆ, ಕಲ್ಲಿನ ವ್ಯಾಪಾರ ನಡೆಯುತ್ತದೆ, ತಾಂಡೂರಿನ ಬಾಜಾರದಲ್ಲಿ ಕನ್ನಡ ಕೇಳುತ್ತದೆ. ಸುದ್ದಿ ಮಾತ್ರ ಗಡಿಯ ಹತ್ತಿರ ನಿಂತುಬಿಡುತ್ತದೆ. ಚಿಂಚೋಳಿಯಲ್ಲಿ ನಮಗೂ ಅಂಥದೇ ಒಣ ಎಲೆಯುದುರು ಕಾಡಿದೆ, 2011ರಲ್ಲಿ 134.88 ಚದರ ಕಿಲೋಮೀಟರನ್ನು ವನ್ಯಜೀವಿ ಧಾಮ ಎಂದು ಘೋಷಿಸಿದರು. ಬಯಲುಸೀಮೆಯ ಈ ಕಾಡುಗಳು ಮಲೆನಾಡಿನಂತೆ ಕಣ್ಣಿಗೆ ತುಂಬುವುದಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆಯ ರಾಶಿಯಂತೆ ನಿಂತಿರುತ್ತವೆ. ಇದೇನು ಕಾಡು, ಕುರುಚಲು ಎಂದು ಅನ್ನಿಸಿಕೊಂಡೇ ಅವು ಕಡತದೊಳಗೆ ಹೋಗುತ್ತವೆ.

ಶಹಾಬಾದ ತಾಲ್ಲೂಕಿನ ಮರ್ತೂರು ವಿಜ್ಞಾನೇಶ್ವರನ ಊರು ಎಂಬುದು ನಮ್ಮ ಕಡೆಯವರ ಹೆಮ್ಮೆ. ಅವನ ‘ಮಿತಾಕ್ಷರ’ದ ಪ್ರಕಾರ ಪೂರ್ವಜರ ಆಸ್ತಿಯಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಸತ್ತ ಮೇಲೆ ಅಲ್ಲ. ಅಪ್ಪನೊಬ್ಬನೇ ಮನಸ್ಸಿಗೆ ಬಂದಂತೆ ಮಾರಿಬಿಡುವಂತಿಲ್ಲ. ಹೊಲ ಮನೆಯ ಪಾಲಿನ ಜಗಳದಲ್ಲಿ ವಕೀಲರು ಇಂದಿಗೂ ಅವನ ಹೆಸರು ಎತ್ತುತ್ತಾರೆ. ಮೀಸಲು ಅರಣ್ಯದ ಕಾಗದದಲ್ಲಿ ಆ ಹೆಸರಿಗೆ ಜಾಗವಿಲ್ಲ, ಅಲ್ಲಿ ಅಪ್ಪ ಒಬ್ಬನೇ.

ಹೋದ ಚಳಿಗಾಲದಲ್ಲಿ ಸೇಡಂನಲ್ಲಿ ಗಾಡಿ ಹತ್ತಿ ವಿಕಾರಾಬಾದಿಗೆ ಹೋಗಿದ್ದೆ. ಅಲ್ಲಿಂದ ಪೂಡೂರಿನ ಕಡೆಯ ಬಸ್ಸು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಬುಟ್ಟಿಯಲ್ಲಿ ಸೀತಾಫಲ ಇದ್ದವು, ಕಾಲ ಮುಗಿಯುತ್ತ ಬಂದಿದ್ದರಿಂದ ಸಣ್ಣವು. ನನ್ನ ಮುರುಕು ತೆಲುಗು ಕೇಳಿ ಯಾವ ಊರು ಎಂದಳು. ಸೇಡಂ ಎಂದೆ. ‘ಓ, ಕಲ್ಲಿನ ಊರು’ ಎಂದು ಎರಡು ಹಣ್ಣು ಕೈಯಲ್ಲಿಟ್ಟಳು, ದುಡ್ಡು ಬೇಡವೆಂದಳು. ದಾಮಗುಂಡಂ ಹಣ್ಣೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಮುಂದಿನ ವರ್ಷ ಎಲ್ಲಿಂದ ತರುತ್ತೀರಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳ ನಿಲ್ದಾಣ ಬಂತು.